ಹುಳು ಮನೆಯ ನಿಯಾನ್ ದೀಪ

ಯಾರಾದರೂ ತಮಗಾದ ವಿಚಿತ್ರವನ್ನು ಹೇಳಲು ಬಾಯಿ ತೆರೆದರೆ ಸಾಕು, ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ "ಅರ್ತಿಂಗ್ ಸರಿಯಾಗಿತ್ತಾ?" ಎಂಬುದು. ಮುಳಬಾಗಿಲಿನ ನಮ್ಮ ಮನೆಯಲ್ಲಿ ಇದೊಂದು ಗಾದೆಯೇ ಆಗಿಹೋಗಿತ್ತು. ಹಿತ್ತಲ ಬಾವಿಯಿಂದ ಯಾರೋ ಹೆಸರು ಹಿಡಿದು ಕರೆದರು ಎಂದು ಅಜ್ಜಿ ಒಮ್ಮೆ ಹೇಳಿದಾಗ, ನಾನು ಹಗ್ಗ, ರಾಟೆ, ಗಾಳಿ ಎಲ್ಲವನ್ನೂ ವಿವರಿಸುತ್ತಾ ಅವಳ ಕಾಫಿ ಆರಿಹೋಗುವಂತೆ ಮಾಡಿದ್ದೆ. "ನಿನ್ ಹತ್ರ ದೆವ್ವಾನೂ ಸುಳಿಯಲ್ಲ ಕಣೇ, ಪಾಠ ಹೇಳ್ತೀಯ ಅಂತ" ಎಂದು ಎದ್ದು ಹೋಗಿದ್ದಳು. ಅಂಥವಳು ಈಗ ಇಂಥದೊಂದನ್ನು ಬರೆಯಲು ಕೂತಿದ್ದೇನೆ ಎಂದು ತಿಳಿದರೆ ಅಜ್ಜಿ ಎಷ್ಟು ನಗುತ್ತಿದ್ದಳೋ. ಮೊದಲೇ ಹೇಳಿಬಿಡುತ್ತೇನೆ, ಅವತ್ತು ಅರ್ತಿಂಗ್ ಸರಿಯಾಗಿಯೇ ಇತ್ತು. ನಾನೇ ನೋಡಿದ್ದೆ.

ಎಂಬತ್ತರ ದಶಕದ ನಡುವಿನ ಮಾತು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ನಾನು ಪಿಎಚ್.ಡಿ.ಗೆ ಕೆಲಸ ಮಾಡುತ್ತಿದ್ದೆ. ನನ್ನ ವಿಷಯ ನಿಯಾನ್ ಅನಿಲ. ಎಲೆಕ್ಟ್ರಿಷಿಯನ್ನರ ಜೇಬಿನ ಟೆಸ್ಟರ್ ನೋಡಿದ್ದೀರಲ್ಲ, ಕರೆಂಟಿದ್ದರೆ ಒಳಗೆ ಕೆಂಪಗೆ ಮಿಣುಕುತ್ತದೆ, ಅದೇ ನಿಯಾನ್. ನನ್ನ ದೀಪ ಅದರ ದೊಡ್ಡಣ್ಣ, ಗೇಣುದ್ದದ ಗಾಜಿನ ಕೊಳವೆ. ಈ ಅನಿಲದಲ್ಲಿ ಮುಖ್ಯವಾಗಿ ಎರಡು ಬಗೆಯ ಪರಮಾಣುಗಳಿವೆ. ಹತ್ತರಲ್ಲಿ ಒಂಬತ್ತು ಪಾಲು ಹಗುರದವು, ಉಳಿದವು ಚೂರು ಭಾರದವು. ನಾವು ಐಸೊಟೋಪ್ ಎನ್ನುವುದು ಇವನ್ನೇ. ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಮುಖ ಒಂದೇ, ನಡತೆ ಒಂದೇ, ತೂಕ ಮಾತ್ರ ಬೇರೆ. ಆ ತೂಕದ ದೆಸೆಯಿಂದ ಅವು ಹೀರುವ ಬೆಳಕಿನ ಬಣ್ಣದಲ್ಲಿ ಕೂದಲೆಳೆಯಷ್ಟು ಫರಕು ಬರುತ್ತದೆ. ಆ ಫರಕನ್ನು ಅಳೆದರೆ ಪರಮಾಣುವಿನೊಳಗೆ ಎಲೆಕ್ಟ್ರಾನುಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡು ಸಂಸಾರ ಮಾಡುತ್ತಿವೆ ಎಂಬುದು ತಿಳಿಯುತ್ತದೆ. ನಾಲ್ಕು ವರ್ಷದಿಂದ ನಾನು ಮಾಡುತ್ತಿದ್ದುದು ಇಷ್ಟೇ.

ಇದರಲ್ಲಿ ಒಂದು ತೊಡಕಿದೆ. ಮಾಲೂರು ಸ್ಟೇಷನ್ನಿನಲ್ಲಿ ನಿಲ್ಲದೆ ಓಡುವ ರೈಲಿನ ಕೂಗು ಹತ್ತಿರ ಬರುವಾಗ ಏರಿ, ದಾಟಿದ ಮೇಲೆ ಇಳಿಯುತ್ತದಲ್ಲ, ಹಾಗೆಯೇ ಓಡಾಡುವ ಪರಮಾಣುವಿನ ಬಣ್ಣವೂ ಏರುಪೇರಾಗುತ್ತದೆ. ದೀಪದೊಳಗೆ ಕೋಟಿಗಟ್ಟಲೆ ಪರಮಾಣುಗಳು ದಿಕ್ಕಿಗೊಂದರಂತೆ ಓಡುತ್ತಿದ್ದರೆ ಅಣ್ಣ ಯಾರು, ತಮ್ಮ ಯಾರು ಎಂದು ಹೇಗೆ ಹೇಳುವುದು? ಅದಕ್ಕೆ ಲೇಸರ್ ಬೆಳಕನ್ನು ಎರಡು ಕವಲು ಮಾಡಿ, ದೀಪದ ಆಚೆಯಿಂದ ಒಂದು, ಈಚೆಯಿಂದ ಒಂದು ಬಿಡುತ್ತೇವೆ. ಆಗ ಎರಡಕ್ಕೂ ಓಗೊಡುವುದು ಅತ್ತಲೂ ಓಡದೆ ಇತ್ತಲೂ ಓಡದೆ ನಿಂತ ಪರಮಾಣು ಮಾತ್ರ. ನಿಂತವರನ್ನಷ್ಟೇ ಮಾತನಾಡಿಸುವ ವಿದ್ಯೆ ಅದು. ಸರಿಯಾದ ಬಣ್ಣ ತಾಗಿದ ಕೂಡಲೇ ದೀಪದಲ್ಲಿ ಹರಿಯುವ ಕರೆಂಟು ಒಂದಿಷ್ಟು ಅಲುಗುತ್ತದೆ. ಆ ಅಲುಗಾಟವನ್ನು ದೊಡ್ಡದು ಮಾಡಿ ಒಂದು ಪೆನ್ನಿಗೆ ಕೊಡುತ್ತಿದ್ದೆವು, ಅದು ಉರುಳುವ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಜೊತೆಗೆ ಹಳೆಯ ರೇಡಿಯೋದಿಂದ ಕಿತ್ತ ಒಂದು ಸ್ಪೀಕರಿಗೂ ಕೊಟ್ಟಿದ್ದೆವು. ಬಣ್ಣ ಸರಿಯಾಗಿ ಕೂತರೆ ದೀಪ 'ಗುಂಯ್' ಎಂದು ಹಾಡುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಗುತ್ತಿತ್ತು.

ಲೇಸರಿನ ಬಣ್ಣವನ್ನು ತೀರ ನಿಧಾನವಾಗಿ ಸರಿಸುತ್ತಾ ಹೋದರೆ ಅಣ್ಣ ಸಿಕ್ಕಾಗ ಕಾಗದದ ಮೇಲೆ ಒಂದು ಬೆಟ್ಟ, ತಮ್ಮ ಸಿಕ್ಕಾಗ ಒಂದು ಪುಟ್ಟ ಗುಡ್ಡ ಏಳಬೇಕು. ಎರಡರ ನಡುವಿನ ದೂರವೇ ಉತ್ತರ. ನನ್ನ ಲೆಕ್ಕದ ಪ್ರಕಾರ ಗುಡ್ಡ ಎಲ್ಲಿರಬೇಕೋ ಅಲ್ಲಿ ನನಗೆ ಸಿಕ್ಕಿದ್ದು ಗುಡ್ಡವೋ ಗೀಚೋ ಎಂದು ಹೇಳಲಾಗದ ಒಂದು ಉಬ್ಬು. ಅಷ್ಟರಲ್ಲಿ ಹೊರದೇಶದ ಗುಂಪೊಂದು ಅದೇ ದೂರಕ್ಕೆ ಬೇರೆಯದೇ ಸಂಖ್ಯೆಯನ್ನು ಪ್ರಕಟಿಸಿತು. ಅವರು ಸರಿಯಾದರೆ ನನ್ನ ಇಡೀ ಪ್ರಬಂಧ ತಪ್ಪು. ಆ ಬೇಸಿಗೆ ಕಳೆದರೆ ನನ್ನ ವೇತನ ನಿಲ್ಲುತ್ತಿತ್ತು. ಇದ್ದುದು ಒಂದೇ ದಾರಿ, ಆ ಗುಡ್ಡವನ್ನು ಯಾರೂ ಅಲ್ಲಗಳೆಯದ ಹಾಗೆ ಕಾಗದದ ಮೇಲೆ ನಿಲ್ಲಿಸುವುದು. ಆಗಲೇ ನಮ್ಮ ಪಕ್ಕದ ಸೈಟಿನಲ್ಲಿ ಹೊಸ ಕಟ್ಟಡಕ್ಕೆ ತಳಪಾಯ ತೋಡಲು ಶುರು ಮಾಡಿದರು. ಬೆಳಗಿನಿಂದ ಸಂಜೆಯವರೆಗೆ ನೆಲ ನಡುಗುತ್ತಿತ್ತು, ಲೇಸರ್ ಬೆಳಕನ್ನು ತಿರುಗಿಸುವ ಕನ್ನಡಿಗಳು ನಡುಗುತ್ತಿದ್ದವು, ನಾನು ಕೂಡ.

ನನ್ನ ಗೈಡ್ ನಿವೃತ್ತಿಯ ಹೊಸ್ತಿಲಲ್ಲಿದ್ದ ಸಾಧು ಮನುಷ್ಯರು. ನಶ್ಯ ಏರಿಸದೆ ಅವರ ತಲೆ ಓಡುತ್ತಿರಲಿಲ್ಲ. ಒಂದು ಚಿಟಿಕೆ ಏರಿಸಿ, "ನೋಡಮ್ಮ, ನಮಗೆ ಬೇಕಾದದ್ದು ಮೂರು. ತ್ರೀ ಫೇಸ್ ಕರೆಂಟು, ಲೇಸರ್ ತಣ್ಣಗಿಡೋಕೆ ಹರಿಯೋ ನೀರು, ಅಲುಗದ ನೆಲ. ಈ ಊರಲ್ಲಿ ಮೂರೂ ಒಟ್ಟಿಗೆ ಎಲ್ಲಿ ಸಿಗುತ್ತೆ?" ಎಂದರು. ನನಗೆ ಥಟ್ಟನೆ ಹೊಳೆದದ್ದು ದೇವರಾಯಸಮುದ್ರದ ಕೆರೆಯಾಚೆ ಇದ್ದ ನಮ್ಮ ಸೋದರಮಾವನ ತೋಟ, ಅಲ್ಲಿನ ಹುಳು ಮನೆ.

ಹುಳು ಮನೆ ಎಂದರೆ ರೇಷ್ಮೆ ಹುಳ ಸಾಕುವ ಮನೆ. ಮೊಳದಪ್ಪದ ಮಣ್ಣಿನ ಗೋಡೆ, ಪುಟ್ಟ ಕಿಟಕಿ, ಒಳಗೆ ಸದಾ ತಂಪು, ಕಿಟಕಿ ಮುಚ್ಚಿದರೆ ಹಗಲಲ್ಲೇ ಕತ್ತಲೆ. ಕೆಳಗೆ ಏಕಬಂಡೆ, ಗುದ್ದಲಿ ಹಾಕಿದರೆ ಗುದ್ದಲಿಯೇ ಮುರಿಯಬೇಕು. ಹಿಂದಿನ ಬಂಡೆಯ ನೆತ್ತಿಯ ಮೇಲೆ ಮಾವ ಕಟ್ಟಿಸಿದ್ದ ಸಿಮೆಂಟಿನ ತೊಟ್ಟಿ. ಮೊದಲು ಪಂಪಿನಿಂದ ಅದನ್ನು ತುಂಬಿಸಿ, ಪಂಪ್ ನಿಲ್ಲಿಸಿದರೆ ನೀರು ತಾನಾಗಿ ಲೇಸರಿಗೆ ಇಳಿಯುತ್ತದೆ. ಒಂದು ಬೆಳೆ ಮುಗಿದು ಇನ್ನೊಂದಕ್ಕೆ ಹುಳ ತರುವವರೆಗೆ ಮನೆಗೆ ಸುಣ್ಣ ಬಳಿದು, ರೋಗ ಅಂಟದಂತೆ ಫಾರ್ಮಲಿನ್ ಹೊಡೆದು ಖಾಲಿ ಬಿಡುತ್ತಾರೆ. ಆ ಬಿಡುವಿನಲ್ಲಿ ಜಾಗ ಕೊಡಿ ಎಂದು ಕೇಳಿದೆ. ಮಾವ ಒಪ್ಪಿದರು. ಅವರು ಒಪ್ಪಿದರೆ ಆಗಿಹೋಯಿತೇ? ಹುಳು ಮನೆಯ ಯಜಮಾನಿ ಅತ್ತೆ.

ಗೌರಮ್ಮತ್ತೆ ನಂಗಲಿಯ ಕಡೆಯವರು. ಅವರ ಕನ್ನಡದಲ್ಲಿ ಅರ್ಧ ತೆಲುಗು, ಉಳಿದರ್ಧ ಅಪ್ಪಣೆ. "ನೀರು ಕುಡ್ದು ಬೆಳಕು ಕಕ್ಕೋ ಮಿಷನ್ನಾ? ತಗೊಂಬಾ, ನೋಡೋಣ. ಆದ್ರೆ ನನ್ ಹುಳು ಮನೇಲಿ ನನ್ ಕಾನೂನು" ಎಂದರು. ಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ಹತ್ತಿರದಲ್ಲಿ ಒಗ್ಗರಣೆ ಹಾಕುವಂತಿಲ್ಲ. ಹುಳಕ್ಕೆ ಹೊಗೆಸೊಪ್ಪು ವಿಷ, ಆದ್ದರಿಂದ ನಶ್ಯದ ಡಬ್ಬಿ ಹೊಸ್ತಿಲಾಚೆ. "ಅಮ್ಮಾ, ಈಗ ಒಳಗೆ ಹುಳ ಇಲ್ಲವಲ್ಲ" ಎಂದು ನಮ್ಮ ಗೈಡ್ ಗೋಗರೆದರು. "ಇವತ್ತಿಲ್ಲ ಮೇಷ್ಟ್ರೇ, ನಾಳೆ ಬರ್ತವೆ. ಗೋಡೆ ಮರೆಯಲ್ಲ" ಎಂದರು ಅತ್ತೆ. ಪಾಪ, ಡಬ್ಬಿಯನ್ನು ಬೇವಿನ ಮರದ ಸಂದಿಯಲ್ಲಿಟ್ಟು ಅದರತ್ತ ತಿರುತಿರುಗಿ ನೋಡುತ್ತಾ ಒಳಗೆ ಬಂದರು.

ಸಾಮಾನು ತಂದವರು ನಂಗಲಿಯಲ್ಲಿ ಟೈರ್ ಅಂಗಡಿ ಇಟ್ಟಿದ್ದ ಬಾಷಾ ಸಾಬರು, ತಮ್ಮ ಸ್ವಂತ ಲಾರಿಯಲ್ಲಿ. "ಫಿಕರ್ ಮಾಡ್ಬೇಡಿ ಅಮ್ಮಾ, ಮೊಟ್ಟೆ ತಂದಂಗೆ ತರ್ತೀನಿ" ಎಂದವರು ಹಾಗೆಯೇ ತಂದರು. ಗಾಳಿ ತುಂಬಿದ ಲಾರಿ ಟ್ಯೂಬುಗಳನ್ನು ನೆಲಕ್ಕೆ ಹಾಸಿ, ಅದರ ಮೇಲೆ ಕಲ್ಲು ಚಪ್ಪಡಿ ಕೂರಿಸಿ, ಚಪ್ಪಡಿಯ ಮೇಲೆ ನಮ್ಮ ಲೇಸರು, ಕನ್ನಡಿ, ದೀಪ ಜೋಡಿಸಿದೆವು. ಲೇಸರಿನಿಂದ ಹೊರಬಂದ ಬಿಸಿನೀರು ಕಾಲುವೆಗೆ ಬಿದ್ದು, ತಣಿದು, ಹಿಪ್ಪುನೇರಳೆ ಸಾಲಿಗೆ ಹೋಗುತ್ತಿತ್ತು. ನಮ್ಮ ಭೌತಶಾಸ್ತ್ರದಿಂದ ಯಾರಿಗಾದರೂ ಕೂಡಲೇ ಉಪಯೋಗವಾದದ್ದು ಅದೊಂದೇ ಸಲ.

ಕನ್ನಡಿಗಳನ್ನು ಸಾಲಿಗೆ ತರುವುದರಲ್ಲೇ ದಿನಗಳು ಸರಿದುಹೋದವು. ಎಲ್ಲ ಹೊಂದಿದ ದಿನ ನೋಡಿದರೆ, ಮಾರನೇ ಬೆಳಗ್ಗೆ ಶ್ರೀನಿವಾಸಪುರದ ಕಡೆಯಿಂದ ಚಾಕಿ ಹುಳ, ಅಂದರೆ ಎಳೆಯ ಹುಳ, ಬರುವುದಿತ್ತು. ಹುಳಕ್ಕೆ ನಾಳೆ ಬಾ ಎನ್ನಲಾಗುವುದಿಲ್ಲ. ಸಂಜೆಯೊಳಗೆ ಮನೆ ಖಾಲಿ ಮಾಡಬೇಕು. ನನಗೆ ಉಳಿದದ್ದು ಒಂದು ಮಧ್ಯಾಹ್ನ, ಒಂದು ತೊಟ್ಟಿ ನೀರು.

ಕಿಟಕಿ ಮುಚ್ಚಿ, ಪಂಪ್ ನಿಲ್ಲಿಸಿ, ದೀಪ ಹಚ್ಚಿದೆವು. ಸ್ಪೀಕರಿನಿಂದ ಗುಂಯ್‌ಗೆ ಬದಲು ಬೇರೆಯದೇ ಸದ್ದು ಬಂತು. ಒಣಗಿದ ಎಲೆಯ ಮೇಲೆ ಸಣ್ಣ ಹನಿ ಬೀಳುವ ಹಾಗೆ, ಸರಸರ, ಸರಸರ. ಪೆನ್ನು ಕಾಗದದ ಮೇಲೆ ಕುಣಿಯತೊಡಗಿತು. ಅಂಥ ಕುಣಿತದಲ್ಲಿ ಗುಡ್ಡ ಹುಡುಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು. ಅರ್ತಿಂಗ್ ನೋಡಿದೆ, ಸರಿಯಾಗಿತ್ತು. ಬೆಸುಗೆಗಳನ್ನೆಲ್ಲ ಅಲುಗಿಸಿ ನೋಡಿದೆ. ಲೇಸರಿಗೆ ರಟ್ಟು ಅಡ್ಡ ಹಿಡಿದೆ, ಸದ್ದು ಹಾಗೇ ಇತ್ತು. ಸ್ಪೀಕರಿನಿಂದ ದೀಪದ ತಂತಿ ಕಿತ್ತೆ, ನಿಂತಿತು. ಸಿಕ್ಕಿಸಿದೆ, ಬಂತು. ಅಂದರೆ ಸದ್ದು ದೀಪದಿಂದಲೇ ಬರುತ್ತಿತ್ತು. ನಡುವೆ ಅದು ತಾನಾಗಿಯೇ ನಿಲ್ಲುತ್ತಿತ್ತು, ಅಬ್ಬ ಎನ್ನುವಷ್ಟರಲ್ಲಿ ಮತ್ತೆ, ಮೊದಲಿಗಿಂತ ದಪ್ಪಗೆ, ಶುರುವಾಗುತ್ತಿತ್ತು. ಹೀಗೆ ಎರಡು ಸಲ ಆಯಿತು. ನಮ್ಮ ಗೈಡರ ಕೈ ತಾನಾಗಿ ನಶ್ಯದ ಜೇಬಿಗೆ ಹೋಗಿ ಬರಿದಾಗಿ ಬಂತು. "ಈ ದೀಪ ಇಲ್ಲೀವರೆಗೆ ಹೀಗೆ ಮಾಡಿರಲಿಲ್ಲ" ಎಂದಷ್ಟೇ ಹೇಳಿದರು.

ಆಗ ಬಾಗಿಲು ಧಡಾರನೆ ತೆರೆಯಿತು. ಬೆಳಕು ನುಗ್ಗಿತು. ಗೌರಮ್ಮತ್ತೆ, ಸೊಂಟದ ಮೇಲೆ ಸೊಪ್ಪಿನ ಮಂಕರಿ.

"ಹುಳ ಯಾವಾಗ ಬಂದ್ವು? ಯಾರೇ ತಂದಿಟ್ಟಿದ್ದು? ಹಸ್ಕೊಂಡಿರೋ ಹುಳದ ಮುಂದೆ ನಿಂತ್ಕೊಂಡು ಲೈಟ್ ಆಟ ಆಡ್ತೀರಲ್ಲೇ, ನಿಮ್ಗೇನು ಜ್ಞಾನ ಇಲ್ವಾ?"

"ಅತ್ತೆ, ಹುಳ ಎಲ್ಲಿದೆ? ಅದು ಸ್ಪೀಕರು."

ಅತ್ತೆ ಗೋಡೆಗೆ ಒರಗಿಸಿದ್ದ ಖಾಲಿ ಹುಳು ತಟ್ಟೆಗಳನ್ನು ನೋಡಿದರು, ಸೂರು ನೋಡಿದರು, ಆಮೇಲೆ ಸ್ಪೀಕರಿನ ಮುಂದೆ ಬಗ್ಗಿ ಕಿವಿ ಕೊಟ್ಟರು. ಹುಳ ಸಾಕಿದವರಿಗೆ ಗೊತ್ತು, ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಮೇಯುವಾಗ ಮನೆಯೊಳಗೆ ಮಳೆ ಬಂದಂಥ ಸದ್ದಾಗುತ್ತದೆ. ಬೆಳೆಯುವಾಗ ಹುಳ ನಾಲ್ಕು ಸಲ ಮೇಯುವುದನ್ನು ಬಿಟ್ಟು, ತಲೆಯೆತ್ತಿ ಅಲುಗದೆ ಕೂತು, ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತಾಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ. ಇದೆಲ್ಲ ನನಗೂ ಚಿಕ್ಕಂದಿನಿಂದ ಗೊತ್ತಿತ್ತು. ಆದರೆ ಅದನ್ನು ದೀಪಕ್ಕೆ ಹೊಂದಿಸುವಷ್ಟು ತಲೆ ಕೆಟ್ಟಿರಲಿಲ್ಲ.

"ಎರಡು ಸಲ ನಿಂತಿತ್ತಾ?" ಎಂದರು ಅತ್ತೆ.

ನಾನು ಹೂಂ ಎಂದೆ.

"ಮತ್ತೇನು. ಎರಡನೇ ಜ್ವರ ಎದ್ದಿವೆ. ಇನ್ ಸ್ವಲ್ಪ ಹೊತ್ತು ಮೇಯ್ದು ಮೂರಕ್ಕೆ ಕೂರ್ತವೆ. ಎಲ್ಲೇ ಇರ್ಲಿ, ಹುಳ ಹುಳಾನೇ" ಎಂದು ಒಂದು ಹಿಡಿ ಸೊಪ್ಪನ್ನು ದೀಪದ ಪಕ್ಕ ಚಪ್ಪಡಿಯ ಮೇಲಿಟ್ಟು, ಬಾಗಿಲು ಮುಚ್ಚಿ, ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತರು. ಅವರನ್ನು ಹೊರಗೆ ಕಳಿಸುವ ಧೈರ್ಯ ನನಗಾಗಲೀ ಗೈಡಿಗಾಗಲೀ ಇರಲಿಲ್ಲ. "ಅತ್ತೆ, ಇದು ಗಾಜಿನ ಕೊಳವೆ" ಎಂದು ಪಾಠ ಶುರು ಮಾಡಿದೆ. ಪಾಠ ಮುಗಿಯುವುದರೊಳಗೆ ಸದ್ದು ತೆಳ್ಳಗಾಗಿ, ಅಲ್ಲೊಂದು ಇಲ್ಲೊಂದು ಸರಕ್ ಎಂದು, ನಿಂತುಹೋಯಿತು.

"ಊರ್ಕೋಮ್ಮಾ" ಎಂದು ಅತ್ತೆ ತುಟಿಯ ಮೇಲೆ ಬೆರಳಿಟ್ಟರು. "ಜ್ವರಕ್ಕೆ ಕೂತವೆ."

ಪಾಠವನ್ನು ಅಲ್ಲಿಗೇ ಬಿಟ್ಟೆ. ನಿಜ ಹೇಳಬೇಕೆಂದರೆ ಮೈ ಜುಮ್ಮೆಂದಿತ್ತು, ಆದರೆ ಕೈ ಕೆಲಸ ಮರೆಯಲಿಲ್ಲ. ಲೇಸರಿನ ಬಣ್ಣ ಸರಿಸತೊಡಗಿದೆ. ಪೆನ್ನು ಬೆಣ್ಣೆಯ ಮೇಲೆ ಜಾರಿದ ಹಾಗೆ ನೇರ ಹೋಯಿತು. ಸ್ಪೀಕರಿನಿಂದ ಮೆಲ್ಲಗೆ ಗುಂಯ್ ಎದ್ದಿತು. ಕಾಗದದ ಮೇಲೆ ಬೆಟ್ಟ ಏರಿತು, ಇಳಿಯಿತು, ಅಷ್ಟು ಚೆಂದದ ಅಣ್ಣನನ್ನು ನಾನು ನಾಲ್ಕು ವರ್ಷದಲ್ಲಿ ನೋಡಿರಲಿಲ್ಲ. ಇನ್ನೇನು ತಮ್ಮನ ಜಾಗ ಬರಬೇಕು, ಸರಸರ ಶುರುವಾಯಿತು. ಪೆನ್ನು ಮತ್ತೆ ಕುಣಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತು ಕಣ್ಣೀರು ಹಾಕಿದೆನೋ ಏನೋ, ನೆನಪಿಲ್ಲ.

"ಯಾಕೇ ಮುಖ ಸಣ್ಣ ಮಾಡ್ಕೋತೀಯ? ನಾಲ್ಕನೇ ಜ್ವರ ಇದೆಯಲ್ಲ" ಎಂದರು ಅತ್ತೆ. "ಅದೇ ದೊಡ್ಡ ಜ್ವರ. ಜಾಸ್ತಿ ಹೊತ್ತು ಕೂರ್ತವೆ."

ಅಷ್ಟರಲ್ಲಿ ಮಾವ ಬಾಗಿಲ ಸಂದಿಯಿಂದ, ತೊಟ್ಟಿಯಲ್ಲಿ ನೀರು ತಳ ಕಾಣುತ್ತಿದೆ ಎಂದರು. ಪಂಪ್ ಹಾಕಿದರೆ ನೆಲ ನಡುಗುತ್ತದೆ, ಹೊಂದಿಸಿದ ಕನ್ನಡಿಗಳೆಲ್ಲ ಕದಲುತ್ತವೆ. ಹಾಕದಿದ್ದರೆ ಲೇಸರ್ ಕಾದು ಕೆಡುತ್ತದೆ.  ಲೇಸರ್ ಆರಿಸಿಬಿಡೋಣ ಎಂದು ಗೈಡ್ ಎದ್ದರು. ಅತ್ತೆ ಅದಕ್ಕೂ ಮೊದಲೇ ಎದ್ದು ಹೊರಗೆ ಹೋಗಿದ್ದರು.

ನಾನು ಬಾಗಿಲ ಸಂದಿಯಿಂದ ಕಂಡದ್ದನ್ನು ಈಗಲೂ ಕಣ್ಣಿಗೆ ತಂದುಕೊಂಡು ಖುಷಿ ಪಡುತ್ತೇನೆ. ತೋಟದಲ್ಲಿ ಸೊಪ್ಪು ಬಿಡಿಸುತ್ತಿದ್ದ ಹೆಂಗಸರನ್ನೆಲ್ಲ ಅತ್ತೆ ಕೈಸನ್ನೆಯಲ್ಲೇ ಕರೆದರು. ಬಂಡೆಯ ಮೇಲೆ ಕೆತ್ತಿದ ಮೆಟ್ಟಿಲಿನ ಉದ್ದಕ್ಕೂ ಅವರು ಸಾಲಾಗಿ ನಿಂತರು. ಕಾಲುವೆಯಲ್ಲಿ ತಣಿದು ನಿಂತ ನೀರನ್ನೇ ಕೊಡದಲ್ಲಿ ಮೊಗೆದು ಕೈಯಿಂದ ಕೈಗೆ ಮೇಲೆ ಸಾಗಿಸಿದರು. ಲೇಸರ್ ಕುಡಿದು ಬಿಟ್ಟ ನೀರು ಮತ್ತೆ ಲೇಸರಿಗೇ. ಬರಿಗಾಲು, ಬಳೆ ಸದ್ದಾಗದ ಹಾಗೆ ಮೊಣಕೈವರೆಗೆ ಏರಿಸಿ ಬಿಗಿದುಕೊಂಡಿದ್ದರು. ಲಾರಿಯ ಹತ್ತಿರ ಬೀಡಿ ಸೇದುತ್ತಿದ್ದ ಬಾಷಾ ಸಾಬರು ಬೀಡಿ ಬಿಸಾಡಿ, ಕೈಕಾಲು ತೊಳೆದು, ಸಾಲಿನ ಕೊನೆಯಲ್ಲಿ ನಿಂತು ತೊಟ್ಟಿಗೆ ನೀರು ಸುರಿಯುವ ಕೆಲಸ ಹಿಡಿದರು. ಸುರಿಯುವುದೆಂದರೆ ಅಂಚಿಗೆ ಆನಿಸಿ, ಹಾಲು ಬಗ್ಗಿಸಿದಂತೆ. ಒಬ್ಬರೂ ಮಾತಾಡಲಿಲ್ಲ. ಏಕೆ ಎಂದು ಯಾರೂ ಕೇಳಲಿಲ್ಲ. ಒಳಗೆ ಹುಳ ಜ್ವರಕ್ಕೆ ಕೂರುತ್ತಿವೆ ಎಂದರೆ ಆ ಊರಿನಲ್ಲಿ ಬೇರೆ ಕಾರಣ ಬೇಕಿರಲಿಲ್ಲ.

ಒಳಗೆ ಸರಸರ ಏರಿ, ಇಳಿದು, ನಿಂತಿತು. ನಾಲ್ಕನೇ ಮೌನ.

ನಾನು ಬಣ್ಣ ಸರಿಸುತ್ತಾ ಹೋದೆ. ಬೆಟ್ಟ ಬಂತು, ದಾಟಿತು. ಗೆರೆ ಬಯಲಾಗಿ ಹರಿಯಿತು. ಆ ಹೊತ್ತಿನಲ್ಲಿ ನಮ್ಮ ಗೈಡಿಗೆ ಸೀನು ಬಂತು. ದಿನವಿಡೀ ನಶ್ಯ ಇಲ್ಲದೆ ಕಂಗೆಟ್ಟಿದ್ದ ಮೂಗು ಸೇಡು ತೀರಿಸಿಕೊಳ್ಳಲು ಅದೇ ಗಳಿಗೆ ಆರಿಸಿಕೊಂಡಿತ್ತು. ಅವರು ಕಣ್ಣು ಮುಚ್ಚಿದರು, ಮೂಗು ಹಿಡಿದರು, ಮುಖ ಬದನೆಕಾಯಿಯಾಯಿತು. ಅತ್ತೆ ಹೊರಗಿನಿಂದ ಆಗತಾನೆ ಬಂದವರು ನೇರ ಹೋಗಿ, ಆ ದೊಡ್ಡ ವಿದ್ವಾಂಸರ ಮುಖದ ಮೇಲೆ ತಮ್ಮ ಸೆರಗನ್ನು ಎರಡೂ ಕೈಯಿಂದ ಒತ್ತಿ ಹಿಡಿದರು. ಸೀನು ಒಳಗೇ ಎಲ್ಲೋ ಇಂಗಿಹೋಯಿತು. ನಾನು ಪೆನ್ನಿನಿಂದ ಕಣ್ಣು ತೆಗೆಯಲಿಲ್ಲ. ಬಯಲಿನ ಮೇಲೆ, ನಾನು ಲೆಕ್ಕ ಹಾಕಿ ಹೇಳಿದ್ದ ಅದೇ ಜಾಗದಲ್ಲಿ, ಪೆನ್ನು ಮೆಲ್ಲಗೆ ತಲೆಯೆತ್ತಿತು. ಪುಟ್ಟದೊಂದು ಗುಡ್ಡ, ಮಕ್ಕಳು ಮರಳಿನಲ್ಲಿ ಮಾಡಿದ ಹಾಗೆ ಗುಂಡಗೆ, ಸ್ಪಷ್ಟವಾಗಿ ಎದ್ದು, ಇಳಿಯಿತು. ತಮ್ಮ ಸಿಕ್ಕಿದ್ದ.

ಗೈಡ್ ಸೆರಗಿನ ಒಳಗಿನಿಂದಲೇ "ಬಂತಾ?" ಎಂದರು. "ಬಂತು ಸರ್" ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂತು, ಜೊತೆಗೆ ನಗುವೂ ಬಂತು.

ಆಮೇಲೆ ಆದದ್ದನ್ನು ಹೇಗೆ ಹೇಳಲಿ? ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹಸಿವು ಹೆಚ್ಚು. ಸ್ಪೀಕರಿನಿಂದ ಸದ್ದು ಎಷ್ಟು ಜೋರಾಗಿ ಬಂತೆಂದರೆ, ಹೊರಗೆ ಬಂಡೆಯ ಮೇಲಿದ್ದ ಹೆಂಗಸರು ಮಳೆ ಬಂತೆಂದು ಆಕಾಶ ನೋಡಿದರಂತೆ. ನಮ್ಮ ಸೀಮೆಯಲ್ಲಿ ಅಂಥ ಮಳೆಯ ಸದ್ದು ಕೇಳಿ ಎಷ್ಟೋ ವರ್ಷವಾಗಿತ್ತು. ಬಾಗಿಲು ತೆರೆದೆವು, ಇನ್ನು ಮುಚ್ಚಿಡಲು ಏನಿತ್ತು? ಎಲ್ಲರೂ ಹೊಸ್ತಿಲ ಬಳಿ ಬಂದು ನಿಂತು, ಒದ್ದೆ ಸೀರೆಯಲ್ಲೇ, ಆ ಖಾಲಿ ಮನೆಯೊಳಗಿನ ಮಳೆಯನ್ನು ಕೇಳಿದರು. ಹೆದರಿದವರು ಒಬ್ಬರೂ ಇರಲಿಲ್ಲ. "ಒಳ್ಳೇ ಬೆಳೆ" ಎಂದು ಒಬ್ಬಳು ಹೇಳಿದಳು. ಬಾಷಾ ಸಾಬರು "ಯಾ ಅಲ್ಲಾ, ಕ್ಯಾ ಬಾತ್ ಹೈ" ಎಂದು ತಲೆದೂಗಿದರು. ನಮ್ಮ ಗೈಡ್ ಬೇವಿನ ಮರದ ಸಂದಿಗೆ ಹೋಗಿ, ಡಬ್ಬಿ ತೆಗೆದು, ಅಲ್ಲೇ ನಿಂತು ಕೇಳುತ್ತಾ ಏರಿಸಿದರು, ಊರಿಗೆಲ್ಲ ಕೇಳುವ ಹಾಗೆ ಸೀನಿದರು. ನಕ್ಕು ನಕ್ಕು ನಮಗೆ ಹೊಟ್ಟೆ ಹುಣ್ಣಾಯಿತು.

ಸದ್ದು ಬರಬರುತ್ತಾ ತೆಳುವಾಯಿತು. "ಹಣ್ಣಾದವು" ಎಂದರು ಅತ್ತೆ. ಹುಳ ಗೂಡು ಕಟ್ಟಲು ತಯಾರಾದರೆ ಹಾಗೆನ್ನುತ್ತಾರೆ. ಆಮೇಲೆ ಬಣ್ಣವನ್ನು ಮತ್ತೆ ಬೆಟ್ಟದ ಜಾಗಕ್ಕೆ ತಂದಾಗ ಕೇಳಿದ್ದು ದೀಪದ ಎಂದಿನ ಗುಂಯ್ ಮಾತ್ರ. ಸಾಮಾನು ಕಟ್ಟುವಾಗ ಚಪ್ಪಡಿಯ ಮೇಲಿದ್ದ ಆ ಹಿಡಿ ಸೊಪ್ಪನ್ನು ನಾನು ನೋಡಬೇಕೆಂದು ತಿರುಗುವುದರೊಳಗೆ ಅತ್ತೆ ಅದನ್ನು ಮಡಿಲಿಗೆ ಹಾಕಿಕೊಂಡು ಹೊರಟುಬಿಟ್ಟಿದ್ದರು. ರಾತ್ರಿ ಮುದ್ದೆ, ಬಸ್ಸಾರು ಬಡಿಸುವಾಗ, "ಸೊಪ್ಪು ಹಾಗೇ ಇತ್ತಾ ಅತ್ತೆ?" ಎಂದು ಕೇಳಿದೆ. "ತಿನ್ನು, ಆರೋಗುತ್ತೆ" ಎಂದರು.

ಬೆಂಗಳೂರಿನಲ್ಲಿ ಪಕ್ಕದ ಕಟ್ಟಡದ ಗಲಾಟೆ ನಿಂತ ಮೇಲೆ ಅದೇ ದೀಪದಿಂದ ಅದೇ ಅಳತೆಯನ್ನು ಮತ್ತೆ ಮತ್ತೆ ಮಾಡಿದೆವು. ಗುಡ್ಡ ಅದೇ ಜಾಗದಲ್ಲಿತ್ತು. ಹೊರದೇಶದವರೂ ಆಮೇಲೆ ತಮ್ಮ ಸಂಖ್ಯೆಯನ್ನು ತಿದ್ದಿಕೊಂಡರು. ನನ್ನ ಸಂಖ್ಯೆಯ ಬಗ್ಗೆ ನನಗೆ ಒಂದು ಚೂರೂ ಅನುಮಾನವಿಲ್ಲ. ಅನುಮಾನ ಇರುವುದು ಆ ಮಧ್ಯಾಹ್ನದ ಬಗ್ಗೆ. ಅಂಥ ದೀಪಗಳಲ್ಲಿ ಒಮ್ಮೊಮ್ಮೆ 'ನಾಯ್ಸ್' ಬರುತ್ತದೆ, ಹೋಗುತ್ತದೆ, ಅದು ಹೊಸದಲ್ಲ. ಆದರೆ ನಾಲ್ಕೇ ಸಲ ನಿಲ್ಲುವುದೇಕೆ, ಪ್ರತಿ ಸಲ ಇನ್ನೂ ದಪ್ಪಗಾಗಿ ಏಳುವುದೇಕೆ, ಅತ್ತೆ ಹೇಳಿದ ಹೊತ್ತಿಗೆ ಕೂರುವುದೇಕೆ? ಆ ಸದ್ದನ್ನು ಮತ್ತೆ ತರಿಸಲು ನಾನು ಮಾಡದ ಉಪಾಯವಿಲ್ಲ. ಕರೆಂಟು ಏರಿಸಿದೆ, ಇಳಿಸಿದೆ, ಅರ್ತಿಂಗನ್ನು ಬೇಕೆಂದೇ ಕಿತ್ತು ನೋಡಿದೆ. ಗೊರಗೊರ ಬಂತು, ಕಿರ್ ಎಂದಿತು. ಸರಸರ ಎನ್ನಲಿಲ್ಲ. ನನ್ನ ಮೌಖಿಕ ಪರೀಕ್ಷೆಗೆ ಬಂದಿದ್ದವರು ಕಾಗದವನ್ನು ಹಿಡಿದು ನೋಡಿ, "ಇಷ್ಟು ನಿಶ್ಶಬ್ದವಾದ ಗೆರೆ ಹೇಗೆ ಸಿಕ್ಕಿತು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಗೈಡ್, "ಜಾಗ ಒಳ್ಳೆಯದು ಸಿಕ್ಕಿತ್ತು" ಎಂದು ಹೇಳಿ ಮೂಗು ಒರೆಸಿಕೊಂಡರು.

ದೀಪವನ್ನು ಅವರು ನಿವೃತ್ತರಾಗುವಾಗ ನನಗೆ ಕೊಟ್ಟರು. ಈಗಲೂ ನನ್ನ ಮೇಜಿನ ಮೇಲಿದೆ. ಹಚ್ಚಿದರೆ ಕೆಂಪಗೆ ಉರಿಯುತ್ತದೆ. ಒಮ್ಮೆ ಅತ್ತೆ ನಮ್ಮ ಮನೆಗೆ ಬಂದಾಗ ಅದನ್ನು ಹಚ್ಚಿ, ಸ್ಪೀಕರ್ ಸಿಕ್ಕಿಸಿ ಕೇಳಿಸಿದೆ. ಅತ್ತೆಗೆ ಆಗಲೇ ವಯಸ್ಸಾಗಿತ್ತು, ಕಿವಿ ಮಾತ್ರ ಚುರುಕಾಗಿತ್ತು. ಬಗ್ಗಿ ಬಹಳ ಹೊತ್ತು ಕೇಳಿದರು. ಲೇಸರ್ ಇಲ್ಲದ ದೀಪ, ಗುಂಯ್ ಕೂಡ ಇಲ್ಲ, ಕರೆಂಟಿನ ಸಣ್ಣ ಜುಂಯ್ ಅಷ್ಟೇ.

"ನೋಡಿ ಅತ್ತೆ, ಅವತ್ತಿನ ಸದ್ದು ಆಮೇಲೆ ಒಂದು ಸಲಾನೂ ಬರಲಿಲ್ಲ. ಎಷ್ಟು ವರ್ಷದಿಂದ ಕಾಯ್ತಾ ಇದೀನಿ" ಎಂದೆ.

ಅತ್ತೆ ನನ್ನನ್ನು ನೋಡಿದ ರೀತಿ, ಇಷ್ಟು ಓದಿ ಇವಳಿಗೆ ಇಷ್ಟೂ ಗೊತ್ತಿಲ್ಲವಲ್ಲ ಎನ್ನುವಂತಿರಲಿಲ್ಲ. ಮಗುವಿಗೆ ಸಮಾಧಾನ ಹೇಳುವಂತಿತ್ತು.

"ಗೂಡು ಕಟ್ಟಿದ್ ಮೇಲೆ ಯಾವ್ ಹುಳಾನೇ ಸೊಪ್ಪು ತಿನ್ನುತ್ತೆ?" ಎಂದರು.

ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.